ಹಳೆ ಪಿಕಪ್ ಕೊಳ್ಳೋ ಮುಂಚೆ ರೇಡಿಯೇಟರಿನ ಮೇಲಿನ ಹೋಸ್ ಹಿಚುಕಿ ನೋಡಿ
ಪುಣೆಯಲ್ಲಿ ಹಳೆ ಪಿಕಪ್ ಹುಡುಕ್ತಿರೋರಿಗೆ: ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ಒಮ್ಮೆ ತೆಗೆದು ಮತ್ತೆ ಹಾಕಿ, ಸ್ಟಾರ್ಟ್ ಮಾಡಿಸಿ, ಮೇಲಿನ ಹೋಸನ್ನು (ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ದಪ್ಪ ರಬ್ಬರ್ ಪೈಪ್) ಕೈಯಲ್ಲಿ ಹಿಚುಕಿ ನೋಡಿ (ಫ್ಯಾನ್ ಹತ್ರ ಕೈ ಬೇಡ). ಹೋಸ್ ಇನ್ನೂ ತಣ್ಣಗಿರುವಾಗಲೇ ಒಂದೆರಡು ನಿಮಿಷದಲ್ಲಿ ಬಿರುಸಾಗಿ ಉಬ್ಬಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಲೀಕ್ ತಡೆಯೋ ಪದರ) ಮೇಲೆ ಅನುಮಾನ ಪಡಿ. ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಕಾಯದೆ ಅಷ್ಟು ಒತ್ತಡ ಏರಲ್ಲ. ಏರಿದೆ ಅಂದ್ರೆ ಸಿಲಿಂಡರಿನ ಗ್ಯಾಸ್ ಅದರೊಳಗೆ ನುಗ್ತಿದೆ ಅಂತ. ಮಾರೋರು ಮೊದಲೇ ಗಾಡಿ ಓಡಿಸಿ ಬಿಸಿ ಮಾಡಿಟ್ಟಿದ್ರೆ ಈ ಪರೀಕ್ಷೆ ದಂಡ (ಹಾಗೆ ಮಾಡಿಡೋರು ಇದ್ದಾರೆ), ಮುಚ್ಚಳಕ್ಕೂ ಕೈ ಹಾಕಬೇಡಿ, ಸುಡುತ್ತೆ. ಸಣ್ಣ ಲೀಕ್ ನಿಂತಲ್ಲಿ ಗೊತ್ತಾಗಲ್ಲ. ಅದಕ್ಕೆ ಲೋಡ್ ಹಾಕಿ ಕಾತ್ರಜ್ ಘಾಟ್ ಹತ್ತಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ.