ಮೆತ್ತಿನ ಮೇಲೆ ಮೆಣಸಿನ ಸಸಿ: ತೂಕ ನೋಡಿ ನೀರು ಕೊಟ್ಟ ನನ್ನ ಅನುಭವ

ಶಿರಸಿ ಸೀಮೆಯ ಮಳೆಗಾಲದಲ್ಲಿ ಮನೆಯೊಳಗೆ, ಮೆತ್ತಿನ (ಅಟ್ಟದ) ಮೇಲೆ ಮೆಣಸಿನಕಾಯಿ ಸಸಿ ಎಬ್ಬಿಸುತ್ತೇನೆಂದು 2021ರಲ್ಲಿ ನಾನು ಹೇಳಿದಾಗ ನಕ್ಕವರೇ ಹೆಚ್ಚು. ಪಕ್ಕದ ಮನೆಯ ಮಾವ ಏಣಿ ಹತ್ತಿ ಬಂದು, ಸಾಲಾಗಿ ಇಟ್ಟಿದ್ದ ಟ್ರೇಗಳನ್ನೂ ಅವುಗಳ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟ್‌ಗಳನ್ನೂ ನೋಡಿ, "ಎಂತದಾ ತಮಾ, ಮೆತ್ತಿನ ಮೇಲೆ ಗದ್ದೆ ಮಾಡ್ತಾ ಇದ್ಯಾ?" ಎಂದು ಕೇಳಿ ಇಳಿದುಹೋದರು. ಮೂರು ವರ್ಷ ಅವರ ಮಾತೇ ಗೆದ್ದಿತು. ನಾಲ್ಕನೆಯ ಮತ್ತು ಐದನೆಯ ವರ್ಷ ನಾನು ಗೆದ್ದಿದ್ದೇನೆ. ಆದ್ದರಿಂದ ಈಗ ಬರೆಯಬಹುದು ಎನಿಸಿದೆ.

ಆಶ್ಲೇಷಾ ಮಳೆಯ (ಆಗಸ್ಟ್ ಮೊದಲರ್ಧ) ಹೊತ್ತಿಗೆ ಬೀಜ ಹಾಕಿ ಉತ್ತರೆಯ (ಸೆಪ್ಟೆಂಬರ್ ದ್ವಿತೀಯಾರ್ಧ) ಹೊತ್ತಿಗೆ ಸಸಿ ನೆಡಬೇಕಾದರೆ, ನಮ್ಮಲ್ಲಿ ಹೊರಗೆ ಮಡಿ ಮಾಡಿ ಪ್ರಯೋಜನವಿಲ್ಲ ಎಂಬುದು ಈ ಕಡೆಯ ಎಲ್ಲರಿಗೂ ಗೊತ್ತು. ಪೇಟೆಯಿಂದ ತಂದ ಸಸಿಗಳು ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದವು. ಇಲ್ಲಿಗೆ ಬಂದು ವಾರ ಕಳೆಯುವುದರೊಳಗೆ ಮುದುರಿಕೊಳ್ಳುತ್ತವೆ. ಹೀಗಾಗಿ ಒಳಗೇ ಬೆಳೆಸುವ ಹಟ ಹಿಡಿದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ನಾಲ್ಕು ಹಲಗೆ, ಹಲಗೆಗೆ 98 ಗುಳಿಯ ನಾಲ್ಕು ಟ್ರೇ, ಮೇಲೆ 20 ವ್ಯಾಟ್‌ನ ನಾಲ್ಕು ಎಲ್‌ಇಡಿ ಟ್ಯೂಬ್. ಮೊದಲ ವರ್ಷ ಹಲಗೆಗೆ ಎರಡೇ ಟ್ಯೂಬ್ ಹಾಕಿ ಇನ್ನೂರೋ ಮುನ್ನೂರೋ ರೂಪಾಯಿ ಉಳಿಸಲು ಹೋದೆ. ಸಸಿಗಳು ಬಸಳೆ ಬಳ್ಳಿಯಂತೆ ನೀಳವಾಗಿ ಎದ್ದು ಒಂದರ ಮೇಲೊಂದು ಒರಗಿದವು. ಬೆಳಕಿನ ವಿಷಯ ಇಷ್ಟೇ ಸಾಕು. ನನ್ನನ್ನು ನಿಜವಾಗಿ ಸೋಲಿಸಿದ್ದು ನೀರು.

ಮೊದಲ ವರ್ಷ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದೇವರ ಪೂಜೆಯಷ್ಟೇ ನಿಷ್ಠೆಯಿಂದ ನೀರು ಚಿಮುಕಿಸಿದೆ. ಎರಡು ಎಲೆ ಬಿಚ್ಚಿದ ಸಸಿಗಳು ಮಧ್ಯಾಹ್ನದ ಹೊತ್ತಿಗೆ ಜೋತುಬಿದ್ದರೆ ಬಾಯಾರಿಕೆಯಾಗಿದೆ ಎಂದುಕೊಂಡು ಮತ್ತೆ ನೀರು ಹಾಕಿದೆ. ಒಂದು ದಿನ ಬಿದ್ದ ಸಸಿಯೊಂದನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಲೆ ಹಸಿರಾಗಿಯೇ ಇತ್ತು. ಆದರೆ ಗುಳಿಗೆ ತುಂಬಿದ ತೆಂಗಿನ ನಾರಿನ ಪುಡಿಗೆ ತಾಗುವ ಕಡೆ ಕಾಂಡ ಹೊಲಿಗೆಯ ದಾರದಷ್ಟು ತೆಳ್ಳಗಾಗಿ, ಕಂದುಬಣ್ಣಕ್ಕೆ ತಿರುಗಿ, ಬೇಯಿಸಿದ ಸೊಪ್ಪಿನ ದಂಟಿನಂತೆ ಮೆತ್ತಗಾಗಿತ್ತು. ಬೇರಿನ ತುದಿಯನ್ನು ಎರಡು ಬೆರಳಿನ ನಡುವೆ ಎಳೆದರೆ ಮೇಲಿನ ಸಿಪ್ಪೆ ಜಾರಿ, ಒಳಗಿನ ನೂಲು ಮಾತ್ರ ಉಳಿಯುತ್ತಿತ್ತು. ಅಡಿಕೆಗೆ ಕೊಳೆ ತರುವ ಫೈಟಾಫ್ಥೊರಾ ಎಂಬ ರೋಗಾಣುವಿನ ದಾಯಾದಿಯಾದ ಪಿಥಿಯಂ ಇದು ಎಂದು ಆಮೇಲೆ ತಿಳಿಯಿತು. ಎರಡಕ್ಕೂ ನೀರೇ ವಾಹನ, ಅವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಹೋಗುತ್ತವೆ. ಅಂದರೆ ಸಾಯುತ್ತಿದ್ದ ಸಸಿಗೆ ನಾನು ಕೊಟ್ಟ ಪ್ರತಿ ಚಿಮುಕೂ ಪಕ್ಕದ ಸಸಿಗೆ ರೋಗವನ್ನು ದಾಟಿಸುತ್ತಿತ್ತು. ಆ ವರ್ಷ ಹದಿನಾರು ಟ್ರೇಗಳಲ್ಲಿ ಉಳಿದದ್ದು ಹೆಚ್ಚೆಂದರೆ ನಾನೂರು ಸಸಿ. ಬೀಜ, ಟ್ರೇ, ಟ್ಯೂಬ್ ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು.

ಇಲ್ಲೊಂದು ಮೂರ್ಖತನವನ್ನೂ ಒಪ್ಪಿಕೊಳ್ಳಬೇಕು. ಅಡಿಕೆಗೆ ಹೊಡೆದು ಉಳಿದಿದ್ದ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಎರಡು ಟ್ರೇಗಳಿಗೆ ಸುರಿದೆ. ಅಡಿಕೆ ಗೊನೆಯ ಕೊಳೆಗೆ ಮದ್ದಾದದ್ದು ಸಸಿಯ ಕೊಳೆಗೂ ಆಗಬೇಕಲ್ಲ ಎಂಬುದು ನನ್ನ ತರ್ಕ. ಮೂರನೆಯ ದಿನಕ್ಕೆ ಬೀಜದೆಲೆಗಳ ಅಂಚು ಸುಟ್ಟು ಸುರುಳಿಯಾಯಿತು. ರೋಗದಿಂದ ಉಳಿದದ್ದು ಮದ್ದಿನಿಂದ ಹೋಯಿತು.

2022ರಲ್ಲಿ ಕೆಳಗಿನಿಂದ ನೀರುಣಿಸಲು ತೊಡಗಿದೆ. ದೊಡ್ಡ ಹರಿವಾಣದಲ್ಲಿ ಒಂದಂಗುಲ ನೀರು ನಿಲ್ಲಿಸಿ, ಟ್ರೇಯನ್ನು ಹತ್ತು ನಿಮಿಷ ಅದರಲ್ಲಿ ಕೂರಿಸಿ, ಎತ್ತಿ ಬಸಿಯುವುದು. ಮೇಲ್ಮೈ ಒಣಗಿದ್ದರಿಂದ ಪಾಚಿ ನಿಂತಿತು, ಸಸಿಯ ಕುತ್ತಿಗೆ ಒದ್ದೆಯಾಗುವುದು ತಪ್ಪಿತು. ಹತ್ತು ಹನ್ನೆರಡು ದಿನ ಬಹಳ ಚೆನ್ನಾಗಿತ್ತು. ಮಾವನನ್ನು ಕರೆದು ತೋರಿಸಿಯೂ ಬಿಟ್ಟೆ. ಅದಾದ ನಾಲ್ಕು ದಿನಕ್ಕೆ ಎಲ್ಲ ಟ್ರೇಗಳೂ ಒಟ್ಟಿಗೇ ಕುಸಿಯತೊಡಗಿದವು. ಕಾರಣ ಹುಡುಕಲು ಒಂದು ವಾರ ಬೇಕಾಯಿತು: ಹದಿನಾರು ಟ್ರೇಗಳಿಗೂ ನಾನು ಹರಿವಾಣದ ಅದೇ ನೀರನ್ನು ಬಳಸಿದ್ದೆ. ಒಂದು ಟ್ರೇಯ ಮೂಲೆಯಲ್ಲಿದ್ದ ರೋಗ ಒಂದೇ ಬೆಳಗಿನಲ್ಲಿ ಇಡೀ ಮೆತ್ತನ್ನು ಸುತ್ತಿತ್ತು. ಸಾಲದ್ದಕ್ಕೆ ಅದು ಹಂಚಿನಿಂದ ಇಳಿದು ಡ್ರಮ್ಮಿನಲ್ಲಿ ನಿಂತ ನೀರು. ಹಾವಸೆ, ಕೊಳೆತ ಎಲೆ ಎಲ್ಲವೂ ಅದರಲ್ಲಿದ್ದವು. ಅಂದಿನಿಂದ ಬಚ್ಚಲ ಹಂಡೆಯಲ್ಲಿ ಕುದಿಸಿ, ರಾತ್ರಿಯಿಡೀ ಮುಚ್ಚಿ ಆರಿಸಿದ ಬಾವಿ ನೀರನ್ನೇ ಕೊಡುತ್ತೇನೆ. ಪ್ರತಿ ಟ್ರೇಗೂ ಬೇರೆ ನೀರು. ಉಳಿದದ್ದನ್ನು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲುತ್ತೇನೆ.

ಇಷ್ಟಾದರೂ ಯಾವಾಗ ಕೊಡಬೇಕು ಎಂಬ ಪ್ರಶ್ನೆ ಉಳಿದಿತ್ತು. ಬೆರಳು ಅದ್ದಿ ನೋಡುವುದು ಗುಳಿಯ ಟ್ರೇಯಲ್ಲಿ ನಡೆಯುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ತೆಂಗಿನ ನಾರು ತಳದಲ್ಲಿ ನೀರನ್ನು ಹಿಡಿದೇ ಇರುತ್ತದೆ. 2023ರ ಅರ್ಧದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಮೆತ್ತಿಗೆ ಒಯ್ದೆ, ಮನೆಯಾಕೆ ಅದನ್ನು ಮರಳಿ ಕೇಳುವುದನ್ನು ಈಗ ಬಿಟ್ಟಿದ್ದಾಳೆ. ಚೆನ್ನಾಗಿ ಕುಡಿದು ಬಸಿದ ಟ್ರೇ ನನ್ನಲ್ಲಿ ಸುಮಾರು 1 ಕಿಲೋ 900 ಗ್ರಾಂ ತೂಗುತ್ತದೆ. ಅದು 1 ಕಿಲೋ 350 ಗ್ರಾಂಗೆ ಇಳಿಯುವವರೆಗೆ ಒಂದು ಹನಿಯನ್ನೂ ಕೊಡುವುದಿಲ್ಲ. ಮಳೆಗಾಲದ ತೇವದಲ್ಲಿ ಅಷ್ಟು ಇಳಿಯಲು ನಾಲ್ಕರಿಂದ ಐದು ದಿನ ಬೇಕು. ನಾನು ಮೊದಲು ಅದೇ ಐದು ದಿನಗಳಲ್ಲಿ ಹತ್ತು ಸಲ ನೀರು ಹಾಕುತ್ತಿದ್ದೆ! ಸಸಿ ಜೋತುಬಿದ್ದಾಗಲೂ ಈಗ ಮೊದಲು ಟ್ರೇಯನ್ನು ತಕ್ಕಡಿಗೆ ಇಡುತ್ತೇನೆ: ಟ್ರೇ ಭಾರವಾಗಿದ್ದರೆ ಅದು ಬಾಯಾರಿಕೆಯಲ್ಲ, ಬೇರಿಗೆ ಉಸಿರು ಕಟ್ಟಿದೆ ಎಂದರ್ಥ. ಹಲಗೆಗೊಂದು ಟ್ರೇ ತೂಗಿದರೆ ಸಾಕು, ಎಲ್ಲವನ್ನೂ ತೂಗಬೇಕಾಗಿಲ್ಲ. ಆದರೆ ಫ್ಯಾನಿನ ಎದುರಿನ ಟ್ರೇ ಒಂದು ದಿನ ಮೊದಲೇ ಒಣಗುತ್ತದೆ, ಅದರ ಲೆಕ್ಕ ಬೇರೆ.

ಬಿದ್ದ ಸಸಿ ಕಂಡರೆ ಅದನ್ನೊಂದೇ ತೆಗೆಯುವುದಿಲ್ಲ. ಸುತ್ತಲಿನ ಎರಡು ಸಾಲು ಗುಳಿಗಳನ್ನು, ಸಸಿ ಗಟ್ಟಿಯಾಗಿ ಕಂಡರೂ, ಚಮಚದಿಂದ ನಾರು ಸಮೇತ ಕೆತ್ತಿ ಒಲೆಗೆ ಹಾಕುತ್ತೇನೆ. ಆ ಟ್ರೇಯನ್ನು ಬೇರೆಯಿಟ್ಟು 1 ಕಿಲೋ 200 ಗ್ರಾಂವರೆಗೂ ಒಣಗಲು ಬಿಡುತ್ತೇನೆ. ಹೀಗೆ ಕಳೆದ ವರ್ಷ ಮೂರು ಟ್ರೇಗಳು ಕೈಸೇರಿದವು. ಇನ್ನು ಕೊಳೆಯಿಲ್ಲದೆಯೂ ಬಿಳಿಚಿಕೊಂಡು ನಿಂತಲ್ಲೇ ನಿಂತ ಸಸಿಗಳ ಕಥೆ ಬೇರೆ. ನಮ್ಮ ಬಾವಿ ನೀರು ಬಹಳ ಮೆದು, ಅದರಲ್ಲಿ ಸುಣ್ಣದಂಶವೇ ಇಲ್ಲ. ತೆಂಗಿನ ನಾರು ಕೊಟ್ಟ ಸುಣ್ಣದಂಶವನ್ನೂ ತಾನೇ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಲೀಟರಿಗೆ ಅರ್ಧ ಗ್ರಾಂ, ಜೊತೆಗೆ ಚಿಟಿಕೆ ಎಪ್ಸಮ್ ಉಪ್ಪು ಸೇರಿಸಿ ಕೊಟ್ಟ ಮೇಲೆ ಆರೇಳು ದಿನಗಳಲ್ಲಿ ಹೊಸ ಎಲೆ ಹಸಿರಾಗಿ ಬಂದಿತು. ಅದಕ್ಕೂ ಮೊದಲು 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು) ಲೀಟರಿಗೆ ಐದು ಗ್ರಾಂ ಹಾಕಿ ಎಲೆಯ ತುದಿ ಸುಟ್ಟದ್ದೂ ಉಂಟು. ಈಗ ನಿಜ ಎಲೆ ಬಂದ ಮೇಲೆ ಒಂದು ಗ್ರಾಂ ಮೀರುವುದಿಲ್ಲ.

ನಡುನಡುವೆ ಮಾಡಿದ ಅಡ್ಡ ಪ್ರಯೋಗಗಳು ಹಲವು. ಗದ್ದೆಗೆ ಒಳ್ಳೆಯದೆಂದು ಸಗಣಿ, ಗೋಮೂತ್ರ ಕಲಸಿ ಹುದುಗಿಸಿದ ಜೀವಾಮೃತವನ್ನು ತೆಳುಮಾಡಿ ಎರಡು ಟ್ರೇಗೆ ಕೊಟ್ಟಾಗ ಮೇಲೆ ಲೋಳೆ ಕಟ್ಟಿ, ಸಣ್ಣ ಕಪ್ಪು ನೊಣಗಳು ಇಡೀ ಮನೆಗೆ ಹಬ್ಬಿದವು. ಊಟದ ಬಾಳೆಯ ಮೇಲೂ ಅವೇ. ಹಳದಿ ಅಂಟುಹಾಳೆ ತೂಗಿಸಿ, ಮೇಲ್ಮೈಗೆ ತೊಳೆದ ಮರಳು ಉದುರಿಸಿದ ಮೇಲೆ ನಿಂತವು. ಒಲೆಯ ಬೂದಿ ಎರಚಿದ ಟ್ರೇಯಲ್ಲಿ ಸಸಿ ಹಳದಿಯಾಯಿತು. ಗೆದ್ದದ್ದು ಉಮಿಕರಿ, ಅಂದರೆ ಭತ್ತದ ಹೊಟ್ಟು ಸುಟ್ಟ ಕರಿ. ಅಜ್ಜಿ ಹಲ್ಲುಜ್ಜಲು ಇಡುತ್ತಿದ್ದ ಆ ಕರಿಯನ್ನು ನಾರಿನ ಪುಡಿಗೆ ಬೆರೆಸಿದರೆ ನೀರು ಬೇಗ ಬಸಿಯುತ್ತದೆ, ಬೇರು ಬಿಳಿಯಾಗಿ ಇಳಿಯುತ್ತದೆ. ಎಷ್ಟಕ್ಕೆ ಎಷ್ಟು, ಬೆರೆಸುವ ಮುನ್ನ ಏನು ಮಾಡಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ವರ್ಷದ ನಷ್ಟಕ್ಕೆ ಅಷ್ಟಾದರೂ ಬಡ್ಡಿ ಬೇಡವೇ? ಮೊಳಕೆಗೆ ಟ್ರೇಗಳನ್ನು ಬಚ್ಚಲ ಒಲೆಯ ಬೆನ್ನಿಗಿರುವ ಗೋಡೆಗೆ ಒತ್ತಿ ಪೇರಿಸುವುದನ್ನು ಮಾತ್ರ ಧಾರಾಳವಾಗಿ ಹೇಳಬಲ್ಲೆ. ಹನ್ನೆರಡು ದಿನ ಹಿಡಿಯುತ್ತಿದ್ದ ಮೊಳಕೆ ಏಳೆಂಟು ದಿನಕ್ಕೆ ಬರುತ್ತದೆ. ಮೊದಲ ಕುಡಿ ಕಂಡ ದಿನವೇ ಬೆಳಕಿಗೆ ತರಬೇಕು, ಒಂದು ದಿನ ತಡವಾದರೂ ಕುತ್ತಿಗೆ ಉದ್ದವಾಗುತ್ತದೆ.

ಮೆತ್ತಿನಲ್ಲಿ ಹದಿನೆಂಟು ದಿನ ಇಟ್ಟ ಮೇಲೆ ಸಸಿಗಳನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಕೆಳಗೆ ಸಾಗಿಸುತ್ತೇನೆ, ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಹೀಗೆ ಎರಡು ಸುತ್ತು ಬೆಳೆಯಲು ಸಾಧ್ಯವಾಯಿತು. 2024ರಲ್ಲಿ ಮೂವತ್ತೆರಡು ಟ್ರೇಗಳ ಮೂರು ಸಾವಿರ ಚಿಲ್ಲರೆ ಗುಳಿಗಳಲ್ಲಿ ಎರಡು ಸಾವಿರದ ಏಳುನೂರರಷ್ಟು ಸಸಿ ನೆಡಲು ಸಿಕ್ಕಿದವು. ಎರಡು ಸಾವಿರದಷ್ಟನ್ನು ಎರಡು ರೂಪಾಯಿಗೊಂದರಂತೆ ಊರಿನಲ್ಲೇ ಕೊಟ್ಟೆ. ಬೀಜ, ನಾರು, ಗೊಬ್ಬರಕ್ಕೆ ಸಾವಿರದ ಆರುನೂರು ರೂಪಾಯಿ ಹೋಯಿತು. ಟ್ಯೂಬ್‌ಗಳು ದಿನಕ್ಕೆ ಹದಿನೈದು ಗಂಟೆ ಉರಿದು ನೂರ ಎಪ್ಪತ್ತು ಯೂನಿಟ್ ನುಂಗಿದ್ದರಿಂದ, ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದ ಬಿಲ್ಲು ಎರಡು ತಿಂಗಳು ಸೇರಿ ಸಾವಿರದ ಇನ್ನೂರರ ಹತ್ತಿರ ಬಂದಿತು. ಕೈಯಲ್ಲಿ ಉಳಿದದ್ದು ಸಾವಿರದ ಇನ್ನೂರು. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಆದರೆ ಮನೆಗೆ ಬೇಕಾದ ಏಳುನೂರು ಸಸಿ ಪುಕ್ಕಟೆ.

2025ರಲ್ಲಿ ದೊಣ್ಣೆಮೆಣಸನ್ನೂ ನಾಲ್ಕು ಟ್ರೇಗಳಲ್ಲಿ ಹಾಕಿದ್ದೆ. ಅದಕ್ಕೆ ಇದೇ ತೂಕ ಒಗ್ಗಲಿಲ್ಲ. 1 ಕಿಲೋ 350 ಗ್ರಾಂಗೆ ಇಳಿಯುವ ಮುನ್ನವೇ ಎಲೆ ಸೊರಗುತ್ತಿತ್ತು, ಅರ್ಧದಷ್ಟು ಮಾತ್ರ ಉಳಿದವು. ಮುಂದಿನ ಆಶ್ಲೇಷಾಕ್ಕೆ ಅದನ್ನು ಒಂದೂವರೆ ಕಿಲೋದಲ್ಲಿ ನೋಡಬೇಕೆಂದಿದ್ದೇನೆ. ಪಕ್ಕದ ಮನೆಯ ಮಾವ ಅದರಲ್ಲಿ ಐವತ್ತು ಸಸಿ ತಮಗೆ ಇರಲಿ ಎಂದು ಈಗಲೇ ಹೇಳಿಟ್ಟಿದ್ದಾರೆ. ಮುಂಗಡ ಮಾತ್ರ ಕೊಟ್ಟಿಲ್ಲ.