ಮೆಲ್ಟ್ ಫ್ಲೋ ಒಂದೇ, ಮಾಲು ಮಾತ್ರ ಬೇರೆ

ಹೊಸ ಎಚ್‌ಡಿಪಿಇ (ಡಬ್ಬಿ-ಬಾಟಲಿಗಳ ಗಟ್ಟಿ ಪಾಲಿಎಥಿಲೀನ್), ಕರಗಿಸಿ ತಳ್ಳುವ ಎಕ್ಸ್‌ಟ್ರೂಡರ್‌ನಲ್ಲಿ ಐದು ಸಲ ಹಾದುಬಂದ ಅದೇ ಎಚ್‌ಡಿಪಿಇ: ಎರಡರ ಮೆಲ್ಟ್ ಫ್ಲೋ, ಅಂದರೆ ಕರಗಿದ ಮಾಲು ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಹರಿಯುತ್ತದೆ ಎಂಬ ಲೆಕ್ಕ, 0.35ರ ಆಸುಪಾಸು. "ನಂಬರ್ ಒಂದೇ ಬಂದಮೇಲೆ ಇನ್ನೇನು ನೋಡೋದು?" ಅಂದವರೇ ಹೆಚ್ಚು. ಆದರೂ ಐದು ಸಲ ಹಾದ ಹಳೇ ಮಾಲಿನ ಪ್ಯಾರಿಸನ್ (ಊದಿ ಬಾಟಲಿ ಮಾಡುವ ಬಿಸಿ ಕೊಳವೆ) ಡೈಯಿಂದ ಹೊರಬಿದ್ದೊಡನೆ ಜಾಸ್ತಿ ಉಬ್ಬುತ್ತಿತ್ತು. ಇದು ಕ್ರೋಮಿಯಂ ಕೆಟಲಿಸ್ಟಿನ ಮಾಲು, ಅಣುವಿನ ಸರಪಳಿಯ ತುದಿಯಲ್ಲಿ ವಿನೈಲ್, ಅಂದರೆ ಬೇರೆ ಸರಪಳಿಗೆ ಅಂಟಿಕೊಳ್ಳಬಲ್ಲ ಜೋಡಿ ಬಂಧ, ಇರುತ್ತದೆ. ಒಂದಷ್ಟು ಸರಪಳಿ ತುಂಡಾಗುತ್ತದೆ, ಒಂದಷ್ಟು ವಿನೈಲ್ ಹಿಡಿದು ಕೊಂಬೆಯೊಡೆಯುತ್ತದೆ. ತುಂಡಾದಷ್ಟು ಹರಿವು ಹೆಚ್ಚು, ಕೊಂಬೆಯಾದಷ್ಟು ಕಡಿಮೆ; ಮೆಲ್ಟ್ ಫ್ಲೋದಲ್ಲಿ ಈ ಎರಡೂ ಒಂದಕ್ಕೊಂದು ವಜಾ.

ಕೊಂಬೆ ಸಿಕ್ಕಿಬೀಳುವುದು ರಿಯೋಮೀಟರ್‌ನಲ್ಲಿ: ಎರಡು ಪ್ಲೇಟಿನ ನಡುವೆ ಕರಗಿದ ಮಾಲನ್ನು ಅತ್ತಿತ್ತ ತಿರುಚಿ ಅಳೆಯುವ ಯಂತ್ರ. ನೋಡಬೇಕಾದ್ದು ಕಡಿಮೆ ಫ್ರೀಕ್ವೆನ್ಸಿಯ ಜಿ-ಪ್ರೈಮ್ (ಮಾಲಿನ ರಬ್ಬರಿನಂಥ ಪುಟಿತದ ಅಳತೆ). ಸೆಕೆಂಡಿಗೆ 100 ರೇಡಿಯನ್‌ನಲ್ಲಿ ಎರಡು ಗೆರೆಗಳೂ ಒಂದರ ಮೇಲೊಂದು, 0.05ಕ್ಕೆ ಇಳಿದಾಗ ಹಳೇ ಮಾಲಿನದು ಹೆಚ್ಚುಕಡಿಮೆ ದುಪ್ಪಟ್ಟು.

ಇಷ್ಟಕ್ಕೆ ಮೂರು ವಾರ ಹಾಳಾಯಿತು. ಮೊದಮೊದಲು ಆಸೆಬಿದ್ದು 0.01 ತನಕ ಇಳಿಸುತ್ತಿದ್ದೆ. ಅಲ್ಲಿ ಒಂದು ಸುತ್ತಿಗೇ ಹತ್ತು ನಿಮಿಷದ ಮೇಲೆ ಬೇಕು. 190 ಡಿಗ್ರಿಯಲ್ಲಿ, ಗಾಳಿಯಲ್ಲಿ, ಅಷ್ಟು ಹೊತ್ತು ಕೂತರೆ ಸ್ಯಾಂಪಲ್ ಪ್ಲೇಟಿನ ನಡುವೆಯೇ ಕೊಂಬೆ ಬಿಡುತ್ತದೆ. ಹೊಸ ಮಾಲಿನ ಗೆರೆಯ ಬಾಲವೂ ಮೇಲೆದ್ದಾಗ ಅನುಮಾನ ಬಂತು. ತೆಗೆದು ನೋಡಿದರೆ ಅಂಚಿನ ಸುತ್ತ ಹಳದಿ ಹೊಪ್ಪಳೆ. ಅದನ್ನು ಉಕ್ಕಿನ ಚಾಕುವಿನಿಂದ ಕೆರೆಯಲು ಹೋಗಿ ಪ್ಲೇಟಿಗೆ ಗೀರು ಬಿತ್ತು. ಹೊಸ ಜೋಡಿಗೆ ತೆತ್ತ ದುಡ್ಡಿನಲ್ಲಿ ಗಾಳಿಯನ್ನು ದೂರವಿಡುವ ನೈಟ್ರೋಜನ್ನಿನ ನಾಲ್ಕು ಸಿಲಿಂಡರ್ ಬರುತ್ತಿತ್ತು. ಆಮೇಲೆ ಹಿತ್ತಾಳೆ ಕೆರೆಯುವ ಪಟ್ಟಿಯೇ ಗತಿ.

ಈಗ ಮಾಡುವುದು: 25 ಮಿಲಿಮೀಟರ್ ಪ್ಲೇಟ್, ಗ್ಯಾಪ್ 1 ಮಿಲಿಮೀಟರ್. ಗ್ಯಾಪ್ ಸೊನ್ನೆ ಮಾಡುವುದು 190ಕ್ಕೆ ಬಂದು ಹತ್ತು ನಿಮಿಷವಾದ ಮೇಲೆ. ತಣ್ಣಗಿರುವಾಗ ಮಾಡಿದರೆ ಪ್ಲೇಟ್ ಹಿಗ್ಗಿ ಲೆಕ್ಕ ತಪ್ಪುತ್ತದೆ. 1.05ರಲ್ಲಿ ಅಂಚು ಸವರಿ, ನಂತರ 1ಕ್ಕೆ ಇಳಿಸಿ, ನಾರ್ಮಲ್ ಫೋರ್ಸ್ (ಮಾಲು ಪ್ಲೇಟನ್ನು ಮೇಲಕ್ಕೆ ಒತ್ತುವ ಬಲ) ಸತ್ತಮೇಲೆ ಶುರು. ಸ್ಟ್ರೇನ್ (ತಿರುಚುವ ಪ್ರಮಾಣ) 3 ಶೇಕಡಾ. ಫ್ರೀಕ್ವೆನ್ಸಿ ಮೇಲಿನಿಂದ ಕೆಳಕ್ಕೆ, 0.05ಕ್ಕೆ ನಿಲುಗಡೆ. ಕೊನೆಗೆ 1 ರೇಡಿಯನ್ನಿಗೆ ವಾಪಸ್ ಬಂದು ಇನ್ನೊಂದು ಬಿಂದು. ಅದು ಮೊದಲಿನದಕ್ಕಿಂತ 5 ಶೇಕಡಾ ಸರಿದಿದ್ದರೆ ಇಡೀ ಓಟ ಕಸದ ಬುಟ್ಟಿಗೆ. ನೈಟ್ರೋಜನ್ ಜೊತೆಗೆ ಸ್ಯಾಂಪಲ್ಲಿಗೂ ಸ್ವಲ್ಪ ಆಂಟಿಆಕ್ಸಿಡೆಂಟ್ ಸೇರಿಸುತ್ತೇನೆ; ಯಾವುದು, ಹೊಸ ಕೊಂಬೆ ಬರದಂತೆ ಹೇಗೆ ಬೆರೆಸುವುದು ಎಂಬುದು ನನ್ನಲ್ಲೇ ಇರಲಿ.

ಅನುಮಾನವಿದ್ದವರು ಹೈ-ಟೆಂಪರೇಚರ್ ಜಿಪಿಸಿಗೂ (ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪರೀಕ್ಷೆ) ಕಳಿಸಿದರು. ಒಂದು ಸ್ಯಾಂಪಲ್ಲಿನ ಫೀಸು ನನ್ನ ಒಂದೂವರೆ ತಿಂಗಳ ನೈಟ್ರೋಜನ್ನಿನಷ್ಟು. ಬಂದ ಗೆರೆಗಳು ಎರಡೂ ಒಂದೇ! ಹತ್ತು ಸಾವಿರ ಕಾರ್ಬನ್ನಿಗೆ ಒಂದರಷ್ಟು ಉದ್ದ ಕೊಂಬೆ ಅಲ್ಲಿ ಕಾಣುವುದು ಕಷ್ಟ. ಹರಿವಿನಲ್ಲಿ ಅಷ್ಟೇ ಸಾಕು.

ಪಿಪಿಯಲ್ಲಿ (ಪಾಲಿಪ್ರೊಪಿಲೀನ್) ಇಷ್ಟು ಒದ್ದಾಟವಿಲ್ಲ, ಸರಪಳಿ ಬರೀ ತುಂಡಾಗುತ್ತದೆ. ಸ್ನಿಗ್ಧತೆ ಅಣುತೂಕದ 3.4ನೇ ಘಾತಕ್ಕೆ ಓಡುವುದರಿಂದ, ತೂಕ 18 ಶೇಕಡಾ ಇಳಿದರೆ ಸೊನ್ನೆ-ಷಿಯರ್ ಸ್ನಿಗ್ಧತೆ (ತೀರಾ ನಿಧಾನ ಹರಿವಿನಲ್ಲಿನ ಮಂದತನ) ಅರ್ಧ.

ನಡುವೆ ಅದೇ ಯಂತ್ರಕ್ಕೆ, ಬಿಸಿಯಾದರೆ ಜೆಲ್ ಆಗುವ ಮೀಥೈಲ್ ಸೆಲ್ಯುಲೋಸಿನ 2 ಶೇಕಡಾ ದ್ರಾವಣವನ್ನೂ ಹಾಕಿ ನೋಡಿದೆ. ಪುಡಿಯನ್ನು ಬಿಸಿನೀರಿನಲ್ಲಿ ಹರಡಿ ಆಮೇಲೆ ತಣಿಸಬೇಕು, ಇಲ್ಲದಿದ್ದರೆ ಗಂಟು. ಅಂಚಿಗೆ ಸಿಲಿಕೋನ್ ಎಣ್ಣೆ ಹಚ್ಚದಿದ್ದರೆ ನೀರು ಆರಿ ಸುಳ್ಳು ಜೆಲ್ ಕಾಣುತ್ತದೆ. ಬಿಸಿಮಾಡುತ್ತ ಹೋದಾಗ ಮೂರು ಫ್ರೀಕ್ವೆನ್ಸಿಯ ಟ್ಯಾನ್ ಡೆಲ್ಟಾ (ಹರಿವಿಗೂ ಪುಟಿತಕ್ಕೂ ಇರುವ ಅನುಪಾತ) ಗೆರೆಗಳು 55 ಡಿಗ್ರಿಯ ಹತ್ತಿರ ಒಂದೇ ಬಿಂದುವಿನಲ್ಲಿ ಕೂಡಿದವು, ಅದೇ ಜೆಲ್ ಆದ ಗುರುತು. ತಣಿಸುವಾಗ ಅಲ್ಲೇ ಕರಗೀತು ಎಂದುಕೊಂಡಿದ್ದೆ. 35ರ ಕೆಳಗಿಳಿಯುವ ತನಕ ಜೆಲ್ ಬಿಡಲೇ ಇಲ್ಲ.