ಬರ, ಉಪ್ಪು, ಶೀತ: ಒಂದೇ ಕುಂಡದಲ್ಲಿ ಎರಡು ಗಿಡ ಬೆಳೆಸಿದ ಮೇಲೆ

ಎರಡು ವಾರ ಒಣಗಿಸಿದ ಕುಂಡಗಳಿಗೆ ಮತ್ತೆ ನೀರು ಹಾಕಿದ ಮೂರನೆಯ ದಿನ, ನಾನು ವಂಶವಾಹಿ ಸೇರಿಸಿ ಬೆಳೆಸಿದ್ದ ಗಿಡಗಳೆಲ್ಲ ಚೇತರಿಸಿಕೊಂಡಿದ್ದವು. ಪಕ್ಕದ ಸಾಲಿನ ಸಾಮಾನ್ಯ ಗಿಡಗಳಲ್ಲಿ ಒಂದೂ ಬದುಕಿರಲಿಲ್ಲ. ಬರ ಸಹಿಷ್ಣುತೆ ಕಣ್ಣೆದುರಿಗೇ ಸಿದ್ಧವಾಯಿತೆಂದು ನಾನು ಕೆಲವು ವಾರಗಳ ಕಾಲ ಮನಸಾರೆ ನಂಬಿದ್ದೆ. ಆ ನಂಬಿಕೆ ಅರ್ಧ ತಪ್ಪೆಂದು ತೋರಿಸಿಕೊಟ್ಟದ್ದು ಒಂದು ತಕ್ಕಡಿ.

ನಾನು ಕೆಲಸ ಮಾಡಿದ್ದು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ. ಆರಿಸಿಕೊಂಡ ವಂಶವಾಹಿ ಡ್ರೆಬ್1ಎ. ಇದು ತಾನೇ ಗಿಡವನ್ನು ಕಾಪಾಡುವ ವಸ್ತುವಲ್ಲ, ಬೇರೆ ವಂಶವಾಹಿಗಳನ್ನು ಎಬ್ಬಿಸುವ ಪ್ರೋಟೀನಿನ ಸೂತ್ರ. ಶೀತಕ್ಕೂ ಒಣಗುವಿಕೆಗೂ ಓಗೊಡುವ ಅನೇಕ ವಂಶವಾಹಿಗಳ ಮುಂಭಾಗದಲ್ಲಿ ಡಿಎನ್‌ಎಯ ಸಿಸಿಜಿಎಸಿ ಎಂಬ ಐದಕ್ಷರದ ತಿರುಳು ಇರುತ್ತದೆ. ಡ್ರೆಬ್ ಪ್ರೋಟೀನು ಅಲ್ಲಿ ಹೋಗಿ ಅಂಟಿಕೊಂಡಾಗ ಆ ವಂಶವಾಹಿಗಳು ಒಟ್ಟಿಗೆ ಎಚ್ಚೆತ್ತುಕೊಳ್ಳುತ್ತವೆ. ಶೀತಕ್ಕೂ ಬರಕ್ಕೂ ಒಂದೇ ಕೀಲಿ ಏಕೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು: ಹಿಮಗಟ್ಟುವಾಗ ಮಂಜುಗಡ್ಡೆ ಮೊದಲು ರೂಪುಗೊಳ್ಳುವುದು ಜೀವಕೋಶಗಳ ಹೊರಗಿನ ಸಂದುಗಳಲ್ಲಿ, ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಉಪ್ಪು ಹೆಚ್ಚಿದ ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಮೂರೂ ಕಡೆ ಕೋಶ ಅನುಭವಿಸುವುದು ನೀರಿನ ಕೊರತೆಯನ್ನೇ.

ಮೊದಲ ಸುತ್ತಿನಲ್ಲಿ ನಾನು ಈ ವಂಶವಾಹಿಯನ್ನು ಸದಾಕಾಲ ನಡೆಯುವಂತೆ, ಹೂಕೋಸಿನ ಮೊಸಾಯಿಕ್ ವೈರಸ್ಸಿನಿಂದ ಪಡೆದ 35ಎಸ್ ಪ್ರೊಮೋಟರಿನ (ವಂಶವಾಹಿ ಯಾವಾಗ, ಎಷ್ಟು ನಡೆಯಬೇಕೆಂದು ನಿರ್ಧರಿಸುವ ಡಿಎನ್‌ಎ ತುಣುಕು) ಕೆಳಗೆ ಜೋಡಿಸಿದ್ದೆ. ಗಿಡಗಳು ಕುಳ್ಳಾದವು, ಎಲೆಗಳು ಕಡುಹಸಿರಾಗಿ ನೆಲಕ್ಕೆ ಅಂಟಿಕೊಂಡವು, ಹೂ ತಡವಾಗಿ ಬಂದಿತು. ಜಪಾನಿನಲ್ಲಿ ಯಾಮಗುಚಿ-ಶಿನೋಜಾಕಿ ಮತ್ತು ಸಂಗಡಿಗರು 1999ರಲ್ಲೇ ಇದನ್ನು ವರದಿ ಮಾಡಿ, ಒತ್ತಡ ಬಂದಾಗ ಮಾತ್ರ ಜೋರಾಗಿ ನಡೆಯುವ ಆರ್‌ಡಿ29ಎ ಪ್ರೊಮೋಟರನ್ನು ಬಳಸಿದರೆ ಬೆಳವಣಿಗೆಗೆ ಅಷ್ಟು ಪೆಟ್ಟು ಬೀಳುವುದಿಲ್ಲವೆಂದು ತೋರಿಸಿದ್ದರು. ಅದನ್ನು ಓದಿದ್ದರೂ ಕುಳ್ಳತನವು ಪ್ರಯೋಗದ ಫಲಿತಾಂಶವನ್ನೇ ಕೆಡಿಸಬಲ್ಲದೆಂದು ನನಗೆ ಹೊಳೆದಿರಲಿಲ್ಲ.

ಮರುಪ್ರಯೋಗದಲ್ಲಿ ದಿನವೂ ಬೆಳಿಗ್ಗೆ ಪ್ರತಿ ಕುಂಡವನ್ನೂ ತೂಗಿ ಬರೆದಿಡತೊಡಗಿದೆ. ಐದನೆಯ ದಿನಕ್ಕಾಗಲೇ ಸಾಮಾನ್ಯ ಗಿಡದ ಕುಂಡಗಳು ಹಗುರವಾಗಿದ್ದವು, ಕುಳ್ಳ ಗಿಡಗಳ ಕುಂಡಗಳು ಇನ್ನೂ ಭಾರವಾಗಿದ್ದವು; ಬೆರಳಿನಿಂದ ಮಣ್ಣನ್ನು ಒತ್ತಿದರೆ ಒಂದು ಪುಡಿಯಾಗುತ್ತಿತ್ತು, ಇನ್ನೊಂದು ತಂಪಾಗಿ ಬೆರಳಿಗೆ ಹತ್ತುತ್ತಿತ್ತು. ಎಲೆಯ ವಿಸ್ತಾರ ಕಡಿಮೆಯಿದ್ದುದರಿಂದ ಕುಳ್ಳ ಗಿಡಗಳು ಕಡಿಮೆ ನೀರು ಕುಡಿದಿದ್ದವು, ಆದ್ದರಿಂದ ಅವುಗಳ ಬೇರಿಗೆ ಬರವೇ ತಟ್ಟಿರಲಿಲ್ಲ. ನಾನು ಸಹಿಷ್ಣುತೆ ಎಂದು ಕರೆದದ್ದರಲ್ಲಿ ಎಷ್ಟು ಪಾಲು ವಂಶವಾಹಿಯ ರಕ್ಷಣೆ, ಎಷ್ಟು ಪಾಲು ಬರೀ ಗಾತ್ರ ಎಂಬುದನ್ನು ಆ ಮೊದಲ ಪ್ರಯೋಗದಿಂದ ಬೇರ್ಪಡಿಸಲು ಸಾಧ್ಯವೇ ಇರಲಿಲ್ಲ.

ಪರಿಹಾರ ಸರಳವಾಗಿತ್ತು. ಎರಡು ಬಗೆಯ ಗಿಡಗಳನ್ನೂ ಒಂದೇ ಕುಂಡದಲ್ಲಿ, ಬೇರುಗಳು ಹೆಣೆದುಕೊಳ್ಳುವಷ್ಟು ಹತ್ತಿರ ನೆಟ್ಟೆ. ಆಗ ಒಂದು ಗಿಡ ಕುಡಿದ ನೀರು ಇನ್ನೊಂದಕ್ಕೂ ಇಲ್ಲವಾಗುತ್ತದೆ, ಇಬ್ಬರಿಗೂ ಅದೇ ಒಣ ಮಣ್ಣು. ಹೀಗೆ ಮಾಡಿದಾಗ 35ಎಸ್ ಗಿಡಗಳ ಮೇಲುಗೈ ಬಹುಮಟ್ಟಿಗೆ ಕರಗಿತು. ಆರ್‌ಡಿ29ಎ ಕೆಳಗೆ ಅದೇ ವಂಶವಾಹಿಯನ್ನು ಹೊತ್ತ, ಸಾಮಾನ್ಯ ಗಾತ್ರದ ಗಿಡಗಳು ಚಿಕ್ಕದಾದರೂ ಸ್ಪಷ್ಟವಾದ ಅಂತರದಿಂದ ಮುಂದಿದ್ದವು, ಮತ್ತು ಆ ಚಿಕ್ಕ ಅಂತರ ನನಗೆ ಹಿಂದಿನ ದೊಡ್ಡ ಅಂತರಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು.

ಉಪ್ಪಿನ ಪ್ರಯೋಗದಲ್ಲೂ ಆರಂಭದಲ್ಲಿ ಅವಸರ ಮಾಡಿದೆ. ಪೋಷಕ ದ್ರಾವಣಕ್ಕೆ ಒಂದೇ ಸಲ 150 ಮಿಲಿಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಉಪ್ಪು ಸೇರಿಸಿದಾಗ ಎಲೆಗಳು ಅಂದೇ ಜೋತುಬಿದ್ದವು. ಸೋಡಿಯಂ ಎಲೆಯಲ್ಲಿ ತುಂಬಿಕೊಳ್ಳುವ ಮೊದಲೇ ಆದ ಈ ಆಘಾತ ನೀರಿನದು, ಸೋಡಿಯಂನದಲ್ಲ. ಅನಂತರ ದಿನಕ್ಕೆ 25 ಮಿಲಿಮೋಲಾರಿನಂತೆ ಏರಿಸಿ, ಎರಡು ವಾರ ಬಿಟ್ಟು, ಒಣಗಿಸಿದ ಎಲೆಯನ್ನು ಆಮ್ಲದಲ್ಲಿ ಕರಗಿಸಿ ಜ್ವಾಲಾಮಾಪಕದಲ್ಲಿ ಸೋಡಿಯಂ ಅಳೆದೆ. ಡ್ರೆಬ್ ಗಿಡಗಳ ಎಲೆಯಲ್ಲಿ ಸೋಡಿಯಂ ಕಡಿಮೆಯೇನೂ ಇರಲಿಲ್ಲ. ಸೋಡಿಯಂ ನಿಭಾಯಿಸುವುದು ಬೇರೆಯೇ ವಂಶವಾಹಿಗಳ ಕೆಲಸ: ಎಸ್‌ಒಎಸ್1 ಅದನ್ನು ಬೇರಿನ ಕೋಶದಿಂದ ಹೊರಕ್ಕೆ ತಳ್ಳುತ್ತದೆ, ಎನ್‌ಎಚ್‌ಎಕ್ಸ್1 ಕೋಶದೊಳಗಿನ ರಸಕೋಶದಲ್ಲಿ ಕೂಡಿಡುತ್ತದೆ, ಎಚ್‌ಕೆಟಿ ಗುಂಪಿನವು ಮೇಲೇರುವ ರಸದಿಂದ ಅದನ್ನು ಹಿಂದಕ್ಕೆ ಪಡೆದು ಎಲೆಯನ್ನು ಕಾಯುತ್ತವೆ. ಹೊಲದವರೆಗೆ ಬಂದವುಗಳಲ್ಲಿ ಒಂದು ಎಚ್‌ಕೆಟಿ. ಗೋಧಿಯ ಹಳೆಯ ಬಂಧುವೊಂದರಿಂದ ಇಂಥ ವಂಶವಾಹಿಯನ್ನು ಸಾಂಪ್ರದಾಯಿಕ ಸಂಕರಣದಿಂದಲೇ ಡ್ಯೂರಮ್ ಗೋಧಿಗೆ ತಂದಾಗ, ಚೌಳು ನೆಲದಲ್ಲಿ ಕಾಳಿನ ಇಳುವರಿ 25 ಶೇಕಡಾ ಹೆಚ್ಚಿತೆಂದು ಆಸ್ಟ್ರೇಲಿಯಾದ ತಂಡವೊಂದು 2012ರಲ್ಲಿ ಪ್ರಕಟಿಸಿತು. ಬರೀ ಬದುಕುಳಿದ ಗಿಡಗಳನ್ನು ಎಣಿಸುವವರು ಈ ಕಾಳಿನ ತೂಕವನ್ನು ಎದುರಿಗಿಟ್ಟುಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ.

ಶೀತದ ಅಳತೆಗೆ ತಾಳ್ಮೆ ಬೇಕು. ಕೆಲವು ಗಿಡಗಳನ್ನು ಒಂದು ವಾರ 4 ಡಿಗ್ರಿಯಲ್ಲಿ ಒಗ್ಗಿಸಿ, ಉಳಿದವನ್ನು ಒಗ್ಗಿಸದೆ ಬಿಟ್ಟು, ಒಂದೊಂದು ಎಲೆಯನ್ನು ಚೂರು ನೀರಿರುವ ಗಾಜಿನ ನಳಿಕೆಯಲ್ಲಿಟ್ಟು, ಮೈನಸ್ 2 ಡಿಗ್ರಿಗೆ ಇಳಿದಾಗ ಅಕ್ಕಿಕಾಳಿನಷ್ಟು ಮಂಜುಗಡ್ಡೆಯ ತುಣುಕನ್ನು ಎಲೆಗೆ ತಾಗುವಂತೆ ಹಾಕುತ್ತೇನೆ. ಈ ತುಣುಕು ಇಲ್ಲದಿದ್ದರೆ ಎಲೆಯ ನೀರು ಹೆಪ್ಪುಗಟ್ಟದೆ ಇನ್ನೂ ಕೆಳಗಿಳಿದು, ಯಾವುದೋ ಒಂದು ಕ್ಷಣದಲ್ಲಿ ಒಮ್ಮೆಗೇ ಗಟ್ಟಿಯಾಗಿ ಕೋಶಗಳನ್ನೆಲ್ಲ ಒಡೆಯುತ್ತದೆ. ನನ್ನ ಮೊದಲ ಅಂಕಿಗಳು ಚೆಲ್ಲಾಪಿಲ್ಲಿಯಾಗಿದ್ದುದಕ್ಕೆ ಕಾರಣ ಅದೇ. ಆಮೇಲೆ ಗಂಟೆಗೆ ಒಂದು ಡಿಗ್ರಿಯಂತೆ ಇಳಿಸಿ, ಒಂದೊಂದು ಹಂತದಲ್ಲಿ ಕೆಲವು ನಳಿಕೆಗಳನ್ನು ಹೊರತೆಗೆದು, ರಾತ್ರಿಯಿಡೀ ನಿಧಾನವಾಗಿ ಕರಗಲು ಬಿಟ್ಟು, ಒಡೆದ ಕೋಶಪೊರೆಗಳಿಂದ ಶುದ್ಧ ನೀರಿಗೆ ಸೋರಿದ ಲವಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತೇನೆ. ಒಗ್ಗಿಸಿದ ಸಾಮಾನ್ಯ ಗಿಡಗಳು ಒಗ್ಗಿಸದ ಡ್ರೆಬ್ ಗಿಡಗಳಿಗೆ ಸರಿಸಮನಾಗಿ ನಿಂತವು. ವಂಶವಾಹಿಯನ್ನು ಹೊರಗಿನಿಂದ ಜೋಡಿಸಿ ನಾನು ಕೊಟ್ಟದ್ದನ್ನು, ಒಂದು ವಾರದ ಚಳಿ ಸಿಕ್ಕರೆ ಆ ಪುಟ್ಟ ಗಿಡ ತನ್ನಲ್ಲಿರುವ ಪ್ರತಿಯಿಂದಲೇ ಪಡೆದುಕೊಳ್ಳುತ್ತಿತ್ತು.